ಗಡಿ ದಾಟಿದ ಔಷಧ: ಬೆಳಗಾವಿಯ ಎರಡು ಅಧ್ಯಾಯಗಳು



ಜ್ವರದ ಗುಳಿಗೆಯ ಒಂದು ಪಟ್ಟಿ ಎಲ್ಲರ ಮನೆಯಲ್ಲೂ ಇರುತ್ತದೆ. ಅದನ್ನು ಕೈಗೆ ತೆಗೆದುಕೊಂಡು ಹಿಂಬದಿಯನ್ನು ಓದಿ ನೋಡಿ. ಔಷಧದ ಹೆಸರಿನ ಮುಂದೆ 'ಐ.ಪಿ.' ಎಂಬ ಅಕ್ಷರಗಳು ಕಾಣುತ್ತವೆ. ಭಾರತೀಯ ಫಾರ್ಮಕೋಪಿಯಾ ಎಂಬ ಗ್ರಂಥವು ವಿಧಿಸಿದ ಗುಣಮಟ್ಟ ಈ ಗುಳಿಗೆಗೆ ಇದೆ ಎಂದು ಅದರ ಅರ್ಥ. ಕೆಳಗೆ ಬ್ಯಾಚ್ ಸಂಖ್ಯೆ, ತಯಾರಿಸಿದ ತಿಂಗಳು, ಅವಧಿ ಮುಗಿಯುವ ತಿಂಗಳು, ಲೈಸೆನ್ಸ್ ಸಂಖ್ಯೆ ಇರುತ್ತವೆ. ನಾವು ಆ ಗುಳಿಗೆಯನ್ನು ಪರೀಕ್ಷಿಸಿ ನುಂಗುವುದಿಲ್ಲ. ಯಾರೋ ಪರೀಕ್ಷಿಸಿದ್ದಾರೆ ಎಂದು ನಂಬಿ ನುಂಗುತ್ತೇವೆ.

ಅದೇ ಗುಳಿಗೆ ಹಡಗು ಹತ್ತಿ ಆಫ್ರಿಕಾದ ಒಂದು ಹಳ್ಳಿಗೆ ಹೋಯಿತೆನ್ನಿ. ಅಲ್ಲಿನ ನರ್ಸಿಗೆ ನಮ್ಮ ಐ.ಪಿ. ಎಂದರೇನೆಂದು ಗೊತ್ತಿಲ್ಲ. ನಮ್ಮ ಕಾನೂನು ಅಲ್ಲಿ ನಡೆಯುವುದಿಲ್ಲ. ಆಕೆ ಯಾರನ್ನು ನಂಬಬೇಕು? ಕಳೆದ ಶತಮಾನದ ಮಧ್ಯಭಾಗದಿಂದ ಜಗತ್ತಿನ ದೇಶಗಳು ಒಟ್ಟಾಗಿ ಉತ್ತರ ಹುಡುಕುತ್ತಿರುವ ಪ್ರಶ್ನೆ ಇದು. ಈ ಹುಡುಕಾಟದ ಎರಡು ದೊಡ್ಡ ಅಧ್ಯಾಯಗಳಲ್ಲಿ ನಮ್ಮ ಬೆಳಗಾವಿಗೂ ಪಾಲಿದೆ ಎಂಬುದು ಬಹಳ ಜನರಿಗೆ ತಿಳಿದಿಲ್ಲ. ಮೊದಲನೆಯದು ಟಿಳಕವಾಡಿಯ ವ್ಯಾಕ್ಸೀನ್ ಡಿಪೋದ್ದು, ಎರಡನೆಯದು ನೆಹರು ನಗರದ್ದು.

ಅವ್ವನ ತೋಳಿನ ಗುರುತು

ನನ್ನ ತಲೆಮಾರಿನವರ ಎಡತೋಳಿನ ಮೇಲೆ ಒಂದೇ ಒಂದು ಸಣ್ಣ ಗುರುತಿರುತ್ತದೆ. ಅದು ಕ್ಷಯರೋಗ ತಡೆಯುವ ಬಿ.ಸಿ.ಜಿ. ಲಸಿಕೆಯದು. ನಮ್ಮ ಅವ್ವನ ತೋಳಿನ ಮೇಲೆ ಬೇರೆ ಗುರುತಿದೆ. ನಾಣ್ಯದಷ್ಟು ಅಗಲ, ನಡುವೆ ತಗ್ಗು. ಸಣ್ಣವನಿದ್ದಾಗ ಕೇಳಿದ್ದೆ. "ದೇವಿ ಹಾಕಿದ್ದಪಾ ಅದು" ಎಂದು ಹೇಳಿದ್ದಳು. ಉತ್ತರ ಕರ್ನಾಟಕದ ಮನೆಗಳಲ್ಲಿ ಸಿಡುಬಿನ ಲಸಿಕೆಗೆ ಹಾಗೇ ಹೆಸರು. ರೋಗವನ್ನೇ ದೇವಿ ಎಂದು ಕರೆದು ಹೆದರುತ್ತಿದ್ದ ಕಾಲ ಅದು. ಲಸಿಕೆಗೂ ಅದೇ ಹೆಸರು ಅಂಟಿಕೊಂಡಿತು.

ಈ ಲಸಿಕೆ ಹುಟ್ಟಿದಂದಿನಿಂದಲೇ ಗಡಿ ದಾಟುತ್ತ ಬಂದಿದೆ. ಇಂಗ್ಲೆಂಡಿನ ಎಡ್ವರ್ಡ್ ಜೆನ್ನರ್ 1796ರಲ್ಲಿ ಗೋಸಿಡುಬಿನ ಪ್ರಯೋಗ ಮಾಡಿದ. 1802ರ ಜೂನ್ 14ರಂದು ಮುಂಬಯಿಯಲ್ಲಿ ಆನ್ನಾ ಡಸ್ಟ್‌ಹಾಲ್ ಎಂಬ ಮೂರು ವರ್ಷದ ಹುಡುಗಿಗೆ ಭಾರತದ ಮೊದಲ ಲಸಿಕೆ ಹಾಕಲಾಯಿತು. ಆಗ ಶೀತಲ ಪೆಟ್ಟಿಗೆ ಇರಲಿಲ್ಲ. ಒಬ್ಬರ ತೋಳಿನ ಗುಳ್ಳೆಯಿಂದ ರಸ ತೆಗೆದು ಇನ್ನೊಬ್ಬರ ತೋಳಿಗೆ ಹಾಕುತ್ತ, ಬಾಗ್ದಾದ್, ಬಸ್ರಾಗಳ ಮೂಲಕ ಲಸಿಕೆಯನ್ನು ಇಲ್ಲಿಗೆ ತಂದಿದ್ದರು. ಮೈಸೂರಿನ ಅರಮನೆಯೂ ಆ ಕಾಲದಲ್ಲೇ ಇದನ್ನು ಬೆಂಬಲಿಸಿತು. ಥಾಮಸ್ ಹಿಕಿ ಎಂಬ ಕಲಾವಿದ 1805ರ ಸುಮಾರಿಗೆ ಬರೆದ ಮೂವರು ಸ್ತ್ರೀಯರ ಚಿತ್ರ ಮೈಸೂರಿನ ರಾಣಿಯರದು, ಅದರಲ್ಲಿ ಒಬ್ಬರು ಲಸಿಕೆ ಹಾಕಿಸಿಕೊಂಡ ತೋಳನ್ನು ತೋರಿಸುತ್ತಿದ್ದಾರೆ ಎಂದು ಇತಿಹಾಸಕಾರರು ಗುರುತಿಸಿದ್ದಾರೆ.

ತೋಳಿನಿಂದ ತೋಳಿಗೆ ಹಾಕುವ ಪದ್ಧತಿಯಲ್ಲಿ ಬೇರೆ ರೋಗಗಳೂ ಹರಡುತ್ತಿದ್ದವು. ಹಾಗಾಗಿ ಹತ್ತೊಂಬತ್ತನೆಯ ಶತಮಾನದ ಕೊನೆಯ ಹೊತ್ತಿಗೆ ಕರುಗಳ ಚರ್ಮದ ಮೇಲೆ ಲಸಿಕೆಯ ವೈರಸ್ಸನ್ನು ಬೆಳೆಸಿ ರಸ ತೆಗೆಯುವ ಕ್ರಮ ಬಂತು. ಅದಕ್ಕೆ ದೊಡ್ಡ ಕೊಟ್ಟಿಗೆ, ನೀರು, ಗಾಳಿ, ತಂಪು ಹವೆ ಬೇಕು. ಆಗ ಮುಂಬಯಿ ಪ್ರಾಂತ್ಯಕ್ಕೆ ಸೇರಿದ್ದ ಬೆಳಗಾವಿಯಲ್ಲಿ ಇವೆಲ್ಲವೂ ಇದ್ದವು. ಟಿಳಕವಾಡಿಯ ವ್ಯಾಕ್ಸೀನ್ ಇನ್‌ಸ್ಟಿಟ್ಯೂಟ್ ನೆಲೆಗೊಂಡದ್ದು ಹೀಗೆ. ಊರಿನವರ ಬಾಯಲ್ಲಿ ಅದು ವ್ಯಾಕ್ಸೀನ್ ಡಿಪೋ. ಈ ಮಾತುಕತೆಗೆ ಚಿತ್ರೀಕರಣ ಮಾಡಲು ನಮ್ಮ ತಂಡ ಅಲ್ಲಿಗೆ ಹೋದಾಗ ಬೆಳಗಿನ ವಾಯುವಿಹಾರದವರು ಹಳೆಯ ಮರಗಳ ಕೆಳಗೆ ನಡೆಯುತ್ತಿದ್ದರು. ಕ್ಯಾಮೆರಾ ನೋಡಿ ಒಬ್ಬ ಹಿರಿಯರು ಹತ್ತಿರ ಬಂದು, "ಇಲ್ಲಿ ಏನು ಶೂಟಿಂಗ್ ಮಾಡ್ತೀರಿ ಸರ್, ಬರೀ ಗಿಡ ಅದಾವಲ್ಲ" ಎಂದರು. ಒಂದು ಕಾಲಕ್ಕೆ ಇಲ್ಲಿ ತಯಾರಾದ ಲಸಿಕೆಯನ್ನು ಪರದೇಶದ ಪ್ರಯೋಗಾಲಯದ ಅಳತೆಗೆ ಒಡ್ಡುತ್ತಿದ್ದರು ಎಂದಾಗ ಅವರಿಗೆ ಆಶ್ಚರ್ಯವಾಯಿತು.

ಹತ್ತು ಕೋಟಿಯ ಲೆಕ್ಕ

1958ರಲ್ಲಿ ವಿಶ್ವ ಆರೋಗ್ಯ ಸಂಸ್ಥೆಯ ಮಹಾಸಭೆಯಲ್ಲಿ ಸೋವಿಯತ್ ಒಕ್ಕೂಟದ ವಿಜ್ಞಾನಿ ವಿಕ್ಟರ್ ಝ್ದಾನೊವ್ ಒಂದು ಪ್ರಸ್ತಾಪ ಇಟ್ಟರು: ಸಿಡುಬನ್ನು ಭೂಮಿಯ ಮೇಲಿಂದಲೇ ಅಳಿಸಿಹಾಕೋಣ. ಮರುವರ್ಷ ಸಭೆ ಒಪ್ಪಿತು. ಭಾರತ 1962ರಲ್ಲಿ ರಾಷ್ಟ್ರೀಯ ಸಿಡುಬು ನಿರ್ಮೂಲನ ಕಾರ್ಯಕ್ರಮ ಆರಂಭಿಸಿತು. ಲಕ್ಷಾಂತರ ಜನರಿಗೆ ಲಸಿಕೆ ಹಾಕಿದ ಲೆಕ್ಕ ಕಾಗದದ ಮೇಲೆ ಏರುತ್ತ ಹೋಯಿತು. ಆದರೂ ರೋಗ ನಿಲ್ಲಲಿಲ್ಲ. ಕಾರಣಗಳು ಹಲವು. ಲಸಿಕೆಯೇ ಸತ್ತುಹೋಗಿರುತ್ತಿತ್ತು ಎಂಬುದು ಅವುಗಳಲ್ಲಿ ಮುಖ್ಯವಾದದ್ದು.

ಇದನ್ನು ಸ್ವಲ್ಪ ಬಿಡಿಸಿ ಹೇಳಬೇಕು. ಲಸಿಕೆಯಲ್ಲಿರುವುದು ಜೀವಂತ ವೈರಸ್. ದ್ರವರೂಪದ ಲಸಿಕೆ ನಮ್ಮ ಬೇಸಿಗೆಯಲ್ಲಿ ಕೆಲವೇ ದಿನಗಳಲ್ಲಿ ಸತ್ವ ಕಳೆದುಕೊಳ್ಳುತ್ತದೆ. ಲಸಿಕೆ ಹಾಕುವವರು ಸೈಕಲ್ ತುಳಿದು ಹಳ್ಳಿ ಮುಟ್ಟುವಷ್ಟರಲ್ಲಿ ಶೀಶೆಯಲ್ಲಿರುವುದು ಬರೀ ನೀರು. ಮಗುವಿಗೆ ಲಸಿಕೆ ಹಾಕಲಾಗಿದೆ ಎಂದು ರಿಜಿಸ್ಟರಿನಲ್ಲಿ ಬರೆಯುತ್ತಾರೆ. ತಾಯಿ ನಂಬುತ್ತಾಳೆ. ಸಿಡುಬು ಬಂದಾಗ ಮಗು ಸಾಯುತ್ತದೆ. ಲಸಿಕೆ ಹಾಕಿಯೂ ಸತ್ತ ಒಂದು ಮಗುವಿನ ಸುದ್ದಿ ಸುತ್ತಲಿನ ಊರುಗಳಲ್ಲೆಲ್ಲ ಲಸಿಕೆಯ ಮೇಲಿನ ನಂಬಿಕೆಯನ್ನು ಕೆಡಿಸುತ್ತದೆ.

ಲಂಡನ್ನಿನ ಲಿಸ್ಟರ್ ಸಂಸ್ಥೆಯಲ್ಲಿ ಲೆಸ್ಲಿ ಕಾಲಿಯರ್ ಎಂಬ ವಿಜ್ಞಾನಿ 1950ರ ದಶಕದಲ್ಲಿ ಲಸಿಕೆಯನ್ನು ಹೆಪ್ಪುಗಟ್ಟಿಸಿ ನಿರ್ವಾತದಲ್ಲಿ ಒಣಗಿಸಿ ಪುಡಿ ಮಾಡುವ ವಿಧಾನವನ್ನು ಸುಧಾರಿಸಿದರು. ಈ ಪುಡಿ ಬಿಸಿಲನ್ನು ತಡೆದುಕೊಳ್ಳುತ್ತಿತ್ತು. ಆದರೆ ಒಣಗಿಸುವ ಯಂತ್ರ ಇದ್ದ ಮಾತ್ರಕ್ಕೆ ಲಸಿಕೆ ಚೆನ್ನಾಗಿದೆ ಎಂದು ಹೇಳಲು ಬರುವುದಿಲ್ಲ. ಅಳೆಯಬೇಕು. ಎಲ್ಲ ದೇಶಗಳೂ ಒಂದೇ ರೀತಿ ಅಳೆಯಬೇಕು.

ನಾನು ಬಿ.ಎಸ್ಸಿ. ಓದುವಾಗ ರಸಾಯನಶಾಸ್ತ್ರದ ಪ್ರಯೋಗಾಲಯದಲ್ಲಿ ನಮ್ಮ ಮೇಷ್ಟ್ರು ಒಂದು ಪಾಠ ಕಲಿಸಿದ್ದರು. ಟೈಟ್ರೇಶನ್ ಮಾಡಿದಾಗ ನನ್ನ ಉತ್ತರವೂ ಪಕ್ಕದವನ ಉತ್ತರವೂ ಬೇರೆಯಾಗಿತ್ತು. ಇಬ್ಬರೂ ನಮ್ಮದೇ ಸರಿ ಎಂದು ಜಗಳವಾಡಿದೆವು. ಮೇಷ್ಟ್ರು ಇಬ್ಬರ ಶೀಶೆಗಳನ್ನೂ ಬದಿಗಿಟ್ಟು ಒಂದೇ ಸ್ಟ್ಯಾಂಡರ್ಡ್ ದ್ರಾವಣ ಕೊಟ್ಟು ಮತ್ತೆ ಮಾಡಿ ಎಂದರು. ಆಗ ಉತ್ತರ ಕೂಡಿತು. ದೇಶಗಳ ನಡುವೆಯೂ ಬೇಕಾದದ್ದು ಅಂಥ ಒಂದು ಸ್ಟ್ಯಾಂಡರ್ಡ್.

ಸಿಡುಬಿನ ಲಸಿಕೆಗೆ ವಿಶ್ವ ಆರೋಗ್ಯ ಸಂಸ್ಥೆಯ ತಜ್ಞರು 1959ರಲ್ಲಿ ಅಂಥದನ್ನು ಬರೆದರು, 1965ರಲ್ಲಿ ಪರಿಷ್ಕರಿಸಿದರು. ಭ್ರೂಣ ಬೆಳೆಯುತ್ತಿರುವ ಕೋಳಿಮೊಟ್ಟೆಯ ಒಳಪೊರೆಯ ಮೇಲೆ ದುರ್ಬಲಗೊಳಿಸಿದ ಲಸಿಕೆಯ ಹನಿ ಹಾಕಿದರೆ, ಜೀವಂತ ವೈರಸ್ ಇದ್ದಲ್ಲಿ ಬಿಳಿ ಚುಕ್ಕೆ ಏಳುತ್ತದೆ. ಚುಕ್ಕೆಗಳನ್ನು ಎಣಿಸಿ ಮೂಲ ಲಸಿಕೆಯ ಸತ್ವವನ್ನು ಲೆಕ್ಕ ಹಾಕಬಹುದು. ಒಣ ಲಸಿಕೆಯನ್ನು 37 ಡಿಗ್ರಿ ಸೆಲ್ಸಿಯಸ್ ಶಾಖದಲ್ಲಿ ನಾಲ್ಕು ವಾರ ಇಟ್ಟ ಮೇಲೂ ಪ್ರತಿ ಮಿಲಿಲೀಟರಿಗೆ ಇಂಥ 10 ಕೋಟಿ ಚುಕ್ಕೆ ಎಬ್ಬಿಸುವ ಶಕ್ತಿ ಉಳಿದಿರಬೇಕು. ಮಾಸ್ಕೋದಲ್ಲಿ ತಯಾರಾಗಲಿ, ಬೆಳಗಾವಿಯಲ್ಲಿ ತಯಾರಾಗಲಿ, ನಿಯಮ ಒಂದೇ.

1967ರಲ್ಲಿ ಡಿ.ಎ. ಹೆಂಡರ್ಸನ್ ಅವರ ನೇತೃತ್ವದಲ್ಲಿ ತೀವ್ರ ನಿರ್ಮೂಲನ ಕಾರ್ಯಕ್ರಮ ಶುರುವಾದಾಗ ಸಿಡುಬು 31 ದೇಶಗಳಲ್ಲಿ ನೆಲೆಯೂರಿತ್ತು. ವರ್ಷಕ್ಕೆ 1ರಿಂದ 1.5 ಕೋಟಿ ಜನರಿಗೆ ತಗಲುತ್ತಿತ್ತು ಎಂಬ ಅಂದಾಜಿದೆ. ಆ ದೇಶಗಳಲ್ಲಿ ಬಳಕೆಯಲ್ಲಿದ್ದ ಲಸಿಕೆಯನ್ನು ಪರೀಕ್ಷಿಸಿದಾಗ ಅದರಲ್ಲಿ ಬಹುಪಾಲು ಈ ನಿಯಮವನ್ನು ಮುಟ್ಟುತ್ತಿರಲಿಲ್ಲ. ಮುಂದಿನ ಹೆಜ್ಜೆ ಏನು?

ವಿಶ್ವ ಆರೋಗ್ಯ ಸಂಸ್ಥೆಗೆ ಯಾವ ದೇಶದ ಕಾರ್ಖಾನೆಗೂ ಬೀಗ ಹಾಕುವ ಅಧಿಕಾರವಿರಲಿಲ್ಲ. ಈಗಲೂ ಇಲ್ಲ. ಅದು ಮಾಡಿದ್ದು ಸರಳವಾದ ಏರ್ಪಾಡು. ಕೆನಡಾದ ಟೊರಾಂಟೊದಲ್ಲಿರುವ ಕಾನಾಟ್ ಪ್ರಯೋಗಾಲಯ ಮತ್ತು ನೆದರ್ಲೆಂಡ್ಸಿನ ಬಿಲ್ತೋವನ್ನಿನ ಸಾರ್ವಜನಿಕ ಆರೋಗ್ಯ ಸಂಸ್ಥೆ, ಇವೆರಡನ್ನು ಉಲ್ಲೇಖ ಕೇಂದ್ರಗಳೆಂದು ಗೊತ್ತುಮಾಡಿತು. ತಯಾರಕರು ಲಸಿಕೆಯ ಮಾದರಿಗಳನ್ನು ಕಳಿಸಬೇಕು. ಕೇಂದ್ರಗಳು ಅಳೆದು ಫಲಿತಾಂಶ ತಿಳಿಸಬೇಕು. ಫೇಲಾದವರನ್ನು ಅವಮಾನಿಸಲಿಲ್ಲ. ತಪ್ಪು ಎಲ್ಲಿ ಎಂದು ಹುಡುಕಲು ತಜ್ಞರನ್ನು ಕಳಿಸಿದರು. 1968ರಲ್ಲಿ ಲಸಿಕೆ ತಯಾರಿಸುವ ವಿವಿಧ ದೇಶಗಳ ಪರಿಣತರು ಜಿನೀವಾದಲ್ಲಿ ಕೂತು, ಕೆಲಸದ ಪ್ರತಿ ಹಂತವನ್ನೂ ವಿವರಿಸುವ ಕೈಪಿಡಿ ರೂಪಿಸಿದರು. ಶೀತಲ ಸಮರದ ದಿನಗಳವು. ಅಮೆರಿಕ ಮತ್ತು ಸೋವಿಯತ್ ಒಕ್ಕೂಟ ಪರಸ್ಪರ ಕ್ಷಿಪಣಿ ಗುರಿಯಿಟ್ಟು ನಿಂತಿದ್ದವು. ಆದರೆ ಈ ಕೈಪಿಡಿಯನ್ನು ಎರಡೂ ಕಡೆಯವರು ಬಳಸಿದರು.

ಭಾರತದಲ್ಲಿ ಒಣ ಲಸಿಕೆ ತಯಾರಿಸಲು ಗೊತ್ತುಮಾಡಿದ ಸಂಸ್ಥೆಗಳು ನಾಲ್ಕು: ಉತ್ತರದ ಪಟವಾಡಂಗರ್, ಮದ್ರಾಸಿನ ಗಿಂಡಿ, ಹೈದರಾಬಾದ್ ಮತ್ತು ನಮ್ಮ ಬೆಳಗಾವಿ. ಆರಂಭದ ವರ್ಷಗಳಲ್ಲಿ ಸೋವಿಯತ್ ಒಕ್ಕೂಟ ದಾನವಾಗಿ ಕೊಟ್ಟ ಲಸಿಕೆಯನ್ನೇ ದೇಶ ಹೆಚ್ಚಾಗಿ ಅವಲಂಬಿಸಿತ್ತು. ಯುನಿಸೆಫ್ ಯಂತ್ರಗಳನ್ನು ಒದಗಿಸಿತು. 1970ರ ದಶಕದಲ್ಲಿ ಭಾರತ ತನಗೆ ಬೇಕಾದ ಲಸಿಕೆಯನ್ನು ತಾನೇ ತಯಾರಿಸತೊಡಗಿತು. ಕವಲುಮೊನೆಯ ಸೂಜಿ ಬಂದ ಮೇಲೆ ಒಬ್ಬರಿಗೆ ಬೇಕಾಗುವ ಲಸಿಕೆ ಕಾಲುಭಾಗಕ್ಕೆ ಇಳಿದದ್ದೂ ನೆರವಾಯಿತು. ನಮ್ಮ ಅವ್ವನ ತೋಳಿಗೆ ಹಾಕಿದ ಲಸಿಕೆ ಎಲ್ಲಿಯದೋ ನನಗೆ ತಿಳಿಯದು. ಎಲ್ಲಿಯದಾದರೂ ಗುರುತು ಎದ್ದಿದೆ. ಅಂದರೆ ವೈರಸ್ ಜೀವಂತವಿತ್ತು.

1974ರಲ್ಲಿ ಭಾರತದಲ್ಲಿ ಕೊನೆಯ ದೊಡ್ಡ ಹಾವಳಿ ಎದ್ದಿತು. ಆ ಒಂದೇ ವರ್ಷ ಸುಮಾರು 1 ಲಕ್ಷ 88 ಸಾವಿರ ಪ್ರಕರಣಗಳು ವರದಿಯಾದವು. ಮನೆ ಮನೆ ಹುಡುಕಿ, ರೋಗಿಯ ಸುತ್ತಲಿನವರಿಗೆಲ್ಲ ಲಸಿಕೆ ಹಾಕುವ ಕ್ರಮದಿಂದ 1975ರ ಮೇ ತಿಂಗಳಲ್ಲಿ ದೇಶದ ಕೊನೆಯ ಪ್ರಕರಣ ಮುಗಿಯಿತು. 1980ರ ಮೇ 8ರಂದು ವಿಶ್ವ ಆರೋಗ್ಯ ಮಹಾಸಭೆ ಸಿಡುಬು ನಿರ್ಮೂಲವಾಯಿತೆಂದು ಸಾರಿತು. ವ್ಯಾಕ್ಸೀನ್ ಡಿಪೋದ ಸಿಡುಬು ಲಸಿಕೆಯ ಕೆಲಸವೂ ಅಲ್ಲಿಗೆ ಮುಗಿಯಿತು. ತಾನು ಮಾಡುವ ವಸ್ತು ಇನ್ನು ಯಾರಿಗೂ ಬೇಡ ಎಂಬ ಸ್ಥಿತಿ ಬಂದರೆ ಕಾರ್ಖಾನೆಗೆ ಅದು ಸೋಲು. ಲಸಿಕೆಯ ಕೇಂದ್ರಕ್ಕೆ ಅದೇ ಗೆಲುವು.

ಒಂದು ದೇಶದ ದುರಂತ, ಇನ್ನೊಂದು ದೇಶದ ಪಾಠ

ಸತ್ವವಿಲ್ಲದ ಔಷಧದ ಅಪಾಯ ಒಂದು ಬಗೆಯದು. ಸತ್ವವಿದ್ದೂ ಹಾನಿ ಮಾಡುವ ಔಷಧದ್ದು ಇನ್ನೊಂದು ಬಗೆ. 1957ರಲ್ಲಿ ಪಶ್ಚಿಮ ಜರ್ಮನಿಯಲ್ಲಿ ಥಾಲಿಡೊಮೈಡ್ ಎಂಬ ನಿದ್ರೆಗುಳಿಗೆ ಮಾರುಕಟ್ಟೆಗೆ ಬಂದು ಹಲವು ದೇಶಗಳಿಗೆ ಹರಡಿತು. ಗರ್ಭಿಣಿಯರು ನುಂಗಿದರು. ಕೈಕಾಲು ಬೆಳೆಯದ ಸುಮಾರು 10 ಸಾವಿರ ಮಕ್ಕಳು ಹುಟ್ಟಿದರು. ಅಮೆರಿಕದಲ್ಲಿ ಫ್ರಾನ್ಸಿಸ್ ಕೆಲ್ಸಿ ಎಂಬ ಮಹಿಳಾ ಅಧಿಕಾರಿ, ಸಾಕಷ್ಟು ಪುರಾವೆ ಇಲ್ಲವೆಂದು ಅನುಮತಿ ತಡೆಹಿಡಿದದ್ದರಿಂದ ಅಲ್ಲಿ ಅನಾಹುತ ಬಹುಮಟ್ಟಿಗೆ ತಪ್ಪಿತು.

ಒಂದು ದೇಶದ ವೈದ್ಯರಿಗೆ ಕಂಡ ಅಪಾಯ ಇನ್ನೊಂದು ದೇಶಕ್ಕೆ ಬೇಗ ತಿಳಿಯುವ ವ್ಯವಸ್ಥೆಯೇ ಆಗ ಇರಲಿಲ್ಲ. ಈ ಕೊರತೆ ನೀಗಲು 1968ರಲ್ಲಿ ಹತ್ತು ದೇಶಗಳು ಸೇರಿ ಔಷಧಗಳ ಅಡ್ಡಪರಿಣಾಮದ ವರದಿಗಳನ್ನು ಒಂದೆಡೆ ಕೂಡಿಸತೊಡಗಿದವು. 1978ರಿಂದ ಅದರ ಕೇಂದ್ರ ಸ್ವೀಡನ್ನಿನ ಉಪ್ಸಾಲಾ ನಗರದಲ್ಲಿದೆ. ಭಾರತ 1998ರಲ್ಲಿ ಸದಸ್ಯನಾಯಿತು. 2010ರಲ್ಲಿ ನಮ್ಮದೇ ರಾಷ್ಟ್ರೀಯ ಕಾರ್ಯಕ್ರಮ ಆರಂಭವಾಯಿತು. ಕರ್ನಾಟಕದ ಒಂದು ಆಸ್ಪತ್ರೆಯಲ್ಲಿ ವೈದ್ಯರು ತುಂಬಿದ ಹಾಳೆಯ ಮಾಹಿತಿ ಇಂದು ಉಪ್ಸಾಲಾದ ಗಣಕಯಂತ್ರವನ್ನು ತಲುಪಬಲ್ಲದು.

ನೆಹರು ನಗರದ ಅಧ್ಯಾಯ

ಈಗ ಎರಡನೆಯ ಅಧ್ಯಾಯಕ್ಕೆ ಬರೋಣ. ಪುಣೆ-ಬೆಂಗಳೂರು ಹೆದ್ದಾರಿಯ ಮಗ್ಗುಲಿನ ನೆಹರು ನಗರದಲ್ಲಿ ಕೆ.ಎಲ್.ಇ. ಸಂಸ್ಥೆಯ ಜವಾಹರಲಾಲ್ ನೆಹರು ವೈದ್ಯಕೀಯ ಮಹಾವಿದ್ಯಾಲಯವಿದೆ. 1963ರಲ್ಲಿ ಆರಂಭವಾದ ಕಾಲೇಜು ಇದು.

ಹೆರಿಗೆಯಾದ ಮೇಲೆ ಗರ್ಭಕೋಶ ಬಿಗಿಯಾಗಿ ಮುದುಡಿಕೊಳ್ಳಬೇಕು. ಮುದುಡದಿದ್ದರೆ ರಕ್ತ ಸುರಿಯುತ್ತಲೇ ಇರುತ್ತದೆ. ಬಡದೇಶಗಳಲ್ಲಿ ಬಾಣಂತಿಯರ ಸಾವಿಗೆ ಇದು ಮೊದಲ ಸಾಲಿನ ಕಾರಣ. ತಡೆಯಲು ಆಕ್ಸಿಟೋಸಿನ್ ಎಂಬ ಉತ್ತಮ ಔಷಧವಿದೆ. ಆದರೆ ಅದನ್ನು 2ರಿಂದ 8 ಡಿಗ್ರಿ ತಂಪಿನಲ್ಲಿ ಇಡಬೇಕು, ಸೂಜಿಯಲ್ಲಿ ಚುಚ್ಚಬೇಕು. ಮಳೆಗಾಲದಲ್ಲಿ ಖಾನಾಪುರದ ಕಾಡಂಚಿನ ಹಳ್ಳಿಗಳನ್ನು ಕಂಡವರಿಗೆ ಇದರ ಕಷ್ಟ ಗೊತ್ತು. ಕರೆಂಟು ಹೋದರೆ ಫ್ರಿಜ್ ಒಂದು ಕಪಾಟು ಅಷ್ಟೆ. ಹಳ್ಳ ತುಂಬಿದರೆ ಆಸ್ಪತ್ರೆ ದೂರ. ಮನೆಯಲ್ಲೇ ಹೆರಿಗೆ ಮಾಡಿಸುವ ನರ್ಸಬಾಯಿಯ ಚೀಲದಲ್ಲಿ ಏನಿರಬೇಕು?

ಮಿಸೊಪ್ರೊಸ್ಟಾಲ್ ಎಂಬ ಗುಳಿಗೆಯನ್ನು ಮೊದಲು ಹೊಟ್ಟೆಹುಣ್ಣಿಗಾಗಿ ತಯಾರಿಸಿದ್ದರು. ಅದು ಗರ್ಭಕೋಶವನ್ನೂ ಮುದುಡಿಸುತ್ತದೆ. ಅಗ್ಗ, ಫ್ರಿಜ್ ಬೇಡ, ಸೂಜಿ ಬೇಡ. ಆದರೆ ಹಳ್ಳಿಯ ಹೆರಿಗೆಯಲ್ಲಿ ಅದು ನಿಜವಾಗಿ ರಕ್ತಸ್ರಾವ ತಡೆಯುತ್ತದೆಯೇ? ಪುರಾವೆ ಇಲ್ಲದೆ ಯಾವ ದೇಶದ ಔಷಧ ನಿಯಂತ್ರಕರೂ ಹೊಸ ಬಳಕೆಗೆ ಒಪ್ಪಬಾರದು. ಪುರಾವೆ ಒದಗಿಸಲು ನೆಹರು ನಗರದ ವೈದ್ಯರೂ ಅಮೆರಿಕದ ಸಂಶೋಧಕರೂ ಜೊತೆಗೂಡಿದರು. ರಿಚರ್ಡ್ ಡರ್ಮನ್, ಬಿ.ಎಸ್. ಕೊಡ್ಕಣಿ, ಶಿವಪ್ರಸಾದ ಗೌಡರ ಮುಂತಾದವರ ತಂಡ 2002ರ ಸೆಪ್ಟೆಂಬರಿನಿಂದ 2005ರ ಡಿಸೆಂಬರಿನವರೆಗೆ ಬೆಳಗಾವಿ ಜಿಲ್ಲೆಯ ಹಳ್ಳಿಗಳಲ್ಲಿ ಪ್ರಯೋಗ ನಡೆಸಿತು. ಗುಳಿಗೆ ಕೊಟ್ಟವರು 25 ಮಂದಿ ಎ.ಎನ್.ಎಂ. ಸಿಸ್ಟರುಗಳು. ಭಾಗವಹಿಸಿದ ತಾಯಂದಿರು 1,620. ಅರ್ಧದಷ್ಟು ಜನರಿಗೆ 600 ಮೈಕ್ರೊಗ್ರಾಂ ಮಿಸೊಪ್ರೊಸ್ಟಾಲ್; ಉಳಿದವರಿಗೆ ನೋಡಲು ಹಾಗೇ ಇರುವ, ಔಷಧವಿಲ್ಲದ ಗುಳಿಗೆ. ಯಾರಿಗೆ ಯಾವುದು ಎಂಬುದು ಕೊಡುವವರಿಗೂ ಗೊತ್ತಿರಲಿಲ್ಲ.

ಇಲ್ಲಿಯೂ ಅಳತೆಯ ಪ್ರಶ್ನೆ ಬಂತು. ಎಷ್ಟು ರಕ್ತ ಹೋಯಿತು ಎಂಬುದನ್ನು ಕಣ್ಣಂದಾಜಿನಲ್ಲಿ ಹೇಳುವುದು ರೂಢಿ. ಸೀರೆ, ಚಾಪೆ, ಮಣ್ಣಿನ ನೆಲ ಎಲ್ಲ ಹೀರಿಕೊಂಡ ಮೇಲೆ ಅಂದಾಜು ಹೇಗೆ ಸಾಧ್ಯ? ಈ ತಂಡದವರು ಬಾಣಂತಿಯ ಕೆಳಗೆ ಹಾಸುವ ಪ್ಲಾಸ್ಟಿಕ್ ಹಾಳೆಯೊಂದನ್ನು ರೂಪಿಸಿದರು. ಅದರ ತುದಿಯಲ್ಲಿ ಆಲಿಕೆಯಾಕಾರದ ಚೀಲ. ಚೀಲದ ಮೇಲೆ ಮಿಲಿಲೀಟರಿನ ಗೆರೆಗಳು. ಕಣ್ಣಂದಾಜಿನ ಲೆಕ್ಕ ಈ ಚೀಲದ ಲೆಕ್ಕಕ್ಕಿಂತ ಸುಮಾರು ಮೂರನೇ ಒಂದು ಭಾಗ ಕಡಿಮೆ ಬರುತ್ತದೆ ಎಂದು ಅವರ ಇನ್ನೊಂದು ಅಧ್ಯಯನ ತೋರಿಸಿತು.

ಫಲಿತಾಂಶ 2006ರಲ್ಲಿ ಲಂಡನ್ನಿನ 'ಲ್ಯಾನ್ಸೆಟ್' ಪತ್ರಿಕೆಯಲ್ಲಿ ಪ್ರಕಟವಾಯಿತು. ಅರ್ಧ ಲೀಟರ್ ಅಥವಾ ಹೆಚ್ಚು ರಕ್ತ ಕಳೆದುಕೊಂಡವರು ಹುಸಿ ಗುಳಿಗೆಯ ಗುಂಪಿನಲ್ಲಿ ಶೇಕಡಾ 12, ಔಷಧದ ಗುಂಪಿನಲ್ಲಿ ಶೇಕಡಾ 6.4. ಒಂದು ಲೀಟರಿಗೂ ಮೀರಿದ ತೀವ್ರ ರಕ್ತಸ್ರಾವ ಶೇಕಡಾ 1.2ರಿಂದ 0.2ಕ್ಕೆ ಇಳಿದಿತ್ತು. ಪ್ರತಿ 18 ತಾಯಂದಿರಿಗೆ ಗುಳಿಗೆ ಕೊಟ್ಟರೆ ಒಂದು ರಕ್ತಸ್ರಾವ ತಪ್ಪುತ್ತದೆ ಎಂಬುದು ಲೆಕ್ಕ.

ಅರ್ಧ ಜನರಿಗೆ ಹುಸಿ ಗುಳಿಗೆ ಕೊಟ್ಟದ್ದು ಸರಿಯೇ ಎಂದು ನೀವು ಕೇಳಬಹುದು. ಕೇಳಬೇಕಾದ ಪ್ರಶ್ನೆಯೇ. ಆಗ ಹಳ್ಳಿಯ ಮನೆಹೆರಿಗೆಗಳಲ್ಲಿ ಇಂಥ ಯಾವ ಔಷಧವನ್ನೂ ಸಿಸ್ಟರುಗಳು ರೂಢಿಯಾಗಿ ಕೊಡುತ್ತಿರಲಿಲ್ಲ, ಹಾಗಾಗಿ ಇದ್ದದ್ದನ್ನು ಯಾರಿಂದಲೂ ಕಿತ್ತುಕೊಳ್ಳಲಿಲ್ಲ ಎಂಬುದು ಒಂದು ಉತ್ತರ. ಬೇರೆ ಕಡೆ ಉತ್ತಮ ಔಷಧ ಇದೆಯೆಂದು ತಿಳಿದೂ ಬಡವರ ಮೇಲೆ ಹೀಗೆ ಪ್ರಯೋಗ ಮಾಡಬಹುದೇ ಎಂಬುದು ಎದುರುವಾದ. ಶ್ರೀಮಂತ ದೇಶದ ಹಣ, ಬಡ ಹಳ್ಳಿಯ ದೇಹ ಎಂಬ ಸಂಬಂಧದಲ್ಲಿ ಎಚ್ಚರ ಸದಾ ಬೇಕು. ಅದಕ್ಕಾಗಿಯೇ ಇಂಥ ಪ್ರಯೋಗಗಳಿಗೆ ನೀತಿ ಸಮಿತಿಗಳ ಒಪ್ಪಿಗೆ, ತಾಯಿಯ ಸ್ವಂತ ಒಪ್ಪಿಗೆ, ಹೊರಗಿನ ತಜ್ಞರ ನಿಗಾ ಕಡ್ಡಾಯ.

2011ರಲ್ಲಿ ವಿಶ್ವ ಆರೋಗ್ಯ ಸಂಸ್ಥೆ ಈ ಬಳಕೆಗಾಗಿ ಮಿಸೊಪ್ರೊಸ್ಟಾಲನ್ನು ಅಗತ್ಯ ಔಷಧಗಳ ಮಾದರಿ ಪಟ್ಟಿಗೆ ಸೇರಿಸಿತು. ಆಕ್ಸಿಟೋಸಿನ್ ಸಿಗದ ಅಥವಾ ಸುರಕ್ಷಿತವಾಗಿ ಬಳಸಲಾಗದ ಕಡೆ ಮಾತ್ರ ಎಂಬ ಷರತ್ತಿನೊಂದಿಗೆ. 1977ರಲ್ಲಿ ಮೊದಲ ಬಾರಿ ಹೊರಬಂದ ಈ ಪಟ್ಟಿಗೆ ಕಾನೂನಿನ ಬಲವಿಲ್ಲ. ಆದರೂ ಸ್ವಂತ ಪ್ರಯೋಗಾಲಯ, ಪರಿಣತರು ಸಾಕಷ್ಟಿಲ್ಲದ ದೇಶಗಳು ಔಷಧ ಆರಿಸುವಾಗ ಅದನ್ನೇ ಎದುರಿಗಿಟ್ಟುಕೊಳ್ಳುತ್ತವೆ. ಹಳ್ಳಿಗಳಲ್ಲಿ ನಡೆದ ಈ ಬಗೆಯ ಪ್ರಯೋಗಗಳಲ್ಲಿ ಬೆಳಗಾವಿಯದು ಮುಖ್ಯವಾದದ್ದು. ಪುರಾವೆ ಸಾಲದು ಎಂದು ವಾದಿಸಿದ ಸಂಶೋಧಕರೂ ಇದ್ದರು. ಅವರು ಬಹಿರಂಗವಾಗಿ ಬರೆದರು, ಚರ್ಚೆ ಬಹಿರಂಗವಾಗಿ ನಡೆಯಿತು.

ಕತೆ ಅಲ್ಲಿಗೆ ನಿಲ್ಲಲಿಲ್ಲ. ಶಾಖ ತಡೆಯುವ ಕಾರ್ಬೆಟೋಸಿನ್ ಎಂಬ ಚುಚ್ಚುಮದ್ದಿನ ಪ್ರಯೋಗ 10 ದೇಶಗಳ 23 ಆಸ್ಪತ್ರೆಗಳಲ್ಲಿ 29,645 ತಾಯಂದಿರ ಮೇಲೆ ನಡೆಯಿತು. ನೆಹರು ನಗರದ ವೈದ್ಯರು ಅದರಲ್ಲೂ ಪಾಲುಗೊಂಡರು. 2018ರಲ್ಲಿ ಫಲಿತಾಂಶ ಬಂತು. 2019ರಲ್ಲಿ ಆ ಔಷಧವೂ ಪಟ್ಟಿ ಸೇರಿತು. ಗೆರೆಗಳಿರುವ ಅಳತೆಯ ಹಾಳೆಯೂ ದೂರ ಹೋಯಿತು. ಕೀನ್ಯಾ, ನೈಜೀರಿಯಾ, ದಕ್ಷಿಣ ಆಫ್ರಿಕಾ, ತಾಂಜಾನಿಯಾಗಳ 80 ಆಸ್ಪತ್ರೆಗಳ ದೊಡ್ಡ ಅಧ್ಯಯನವೊಂದು 2023ರಲ್ಲಿ ಪ್ರಕಟವಾಯಿತು. ಇಂಥ ಹಾಳೆಯಿಂದ ರಕ್ತಸ್ರಾವವನ್ನು ಬೇಗ ಗುರುತಿಸಿ ಒಟ್ಟಿಗೇ ಚಿಕಿತ್ಸೆ ಕೊಟ್ಟರೆ ತೀವ್ರ ರಕ್ತಸ್ರಾವ ಮತ್ತು ಅದರ ಪರಿಣಾಮಗಳು ಶೇಕಡಾ 60ರಷ್ಟು ತಗ್ಗುತ್ತವೆ ಎಂದು ಅದು ಹೇಳಿತು.

ಒಂದು ಕಾಲಕ್ಕೆ ಹೊರದೇಶದ ಅಳತೆಗೋಲಿಗೆ ತನ್ನ ಲಸಿಕೆಯನ್ನು ಒಡ್ಡಿದ ಊರು, ಮೂರು ದಶಕಗಳಲ್ಲಿ ಹೊರದೇಶಗಳಿಗೆ ಅಳತೆಗೋಲು ಮತ್ತು ಪುರಾವೆ ಒದಗಿಸುವ ಊರಾಯಿತು. ಪರೀಕ್ಷೆಗೆ ಕೂತದ್ದು ಆಗ ಅವಮಾನವೆನಿಸಿದ್ದರೆ ಇದು ಸಾಧ್ಯವಾಗುತ್ತಿರಲಿಲ್ಲ ಎಂದು ನನಗೆ ತೋರುತ್ತದೆ.

ನಂಬಿಕೆ ಮುರಿದಾಗ

ಇಷ್ಟು ಹೇಳಿ ಮುಗಿಸಿದರೆ ಅರ್ಧಸತ್ಯ ಹೇಳಿದಂತಾಗುತ್ತದೆ. 2022ರ ಅಕ್ಟೋಬರ್ 5ರಂದು ವಿಶ್ವ ಆರೋಗ್ಯ ಸಂಸ್ಥೆ ಭಾರತದಲ್ಲಿ ತಯಾರಾದ ನಾಲ್ಕು ಸಿರಪ್ಪುಗಳ ಬಗ್ಗೆ ಎಚ್ಚರಿಕೆ ಹೊರಡಿಸಿತು. ಪಶ್ಚಿಮ ಆಫ್ರಿಕಾದ ಗ್ಯಾಂಬಿಯಾದಲ್ಲಿ ಮೂತ್ರಪಿಂಡ ಕೆಟ್ಟು ಸುಮಾರು 70 ಮಕ್ಕಳು ಸತ್ತಿದ್ದರು. ಮಾದರಿಗಳಲ್ಲಿ ಡೈಎಥಿಲೀನ್ ಗ್ಲೈಕಾಲ್ ಎಂಬ ವಿಷ ಪತ್ತೆಯಾಗಿತ್ತು. ಅದನ್ನು ಪರೀಕ್ಷಿಸುವ ಪ್ರಯೋಗಾಲಯ ಗ್ಯಾಂಬಿಯಾದಲ್ಲಿ ಇರಲಿಲ್ಲ. ತಯಾರಕರು ಆರೋಪ ಒಪ್ಪಲಿಲ್ಲ. ಇಲ್ಲಿ ಪರೀಕ್ಷಿಸಿದ ಮಾದರಿಗಳು ಸರಿಯಾಗಿವೆ ಎಂದು ಭಾರತದ ಅಧಿಕಾರಿಗಳು ಹೇಳಿದರು. ಮಕ್ಕಳನ್ನು ಕಳೆದುಕೊಂಡ ತಾಯಂದಿರು ಎರಡು ದೇಶಗಳ ಎರಡು ಹೇಳಿಕೆಗಳ ನಡುವೆ ಉಳಿದರು. ರಫ್ತಿಗೆ ಮುಂಚೆ ಕೆಮ್ಮಿನ ಸಿರಪ್ಪನ್ನು ಸರ್ಕಾರಿ ಮಾನ್ಯತೆಯ ಪ್ರಯೋಗಾಲಯದಲ್ಲಿ ಪರೀಕ್ಷಿಸುವುದು ಭಾರತದಲ್ಲಿ 2023ರ ಜೂನ್ 1ರಿಂದ ಕಡ್ಡಾಯವಾಯಿತು.

ಈ ವಿಷ ಹೊಸದೇನಲ್ಲ. 1937ರಲ್ಲಿ ಅಮೆರಿಕದಲ್ಲಿ ಇದೇ ವಿಷ ನೂರಕ್ಕೂ ಹೆಚ್ಚು ಜನರನ್ನು ಕೊಂದಿತ್ತು. ಮರುವರ್ಷ ಅಲ್ಲಿ ಬಿಗಿಯಾದ ಔಷಧ ಕಾಯ್ದೆ ಬಂತು. 1986ರಲ್ಲಿ ಮುಂಬಯಿಯಲ್ಲಿ ಇದೇ ವಿಷಕ್ಕೆ 14 ರೋಗಿಗಳು ಬಲಿಯಾದರು. 2025ರಲ್ಲಿ ಮಧ್ಯಪ್ರದೇಶದ ಛಿಂದ್ವಾಡಾ ಜಿಲ್ಲೆಯಲ್ಲಿ 20ಕ್ಕೂ ಹೆಚ್ಚು ಮಕ್ಕಳು ಸತ್ತರು. ಆ ಸಿರಪ್ ತಯಾರಾದದ್ದು ತಮಿಳುನಾಡಿನಲ್ಲಿ. ನಮ್ಮ ದೇಶದಲ್ಲಿ ಬಹುತೇಕ ಔಷಧಗಳ ತಯಾರಿಕೆಗೆ ಲೈಸೆನ್ಸ್ ಕೊಡುವುದು ಆಯಾ ರಾಜ್ಯದ ಔಷಧ ನಿಯಂತ್ರಣ ಇಲಾಖೆ. ಆದರೆ ಔಷಧ ದೇಶದ ತುಂಬ ಮಾರಾಟವಾಗುತ್ತದೆ. ಗಡಿಯಾಚೆ ಒಬ್ಬರ ಉದಾಸೀನಕ್ಕೆ ಇನ್ನೊಬ್ಬರು ಬೆಲೆ ತೆರುವುದು ದೇಶಗಳ ನಡುವೆ ಮಾತ್ರ ನಡೆಯುವುದಿಲ್ಲ, ರಾಜ್ಯಗಳ ನಡುವೆಯೂ ನಡೆಯುತ್ತದೆ. ಮಹಾರಾಷ್ಟ್ರ, ಗೋವಾ ಎರಡಕ್ಕೂ ಹತ್ತಿರವಿರುವ ಬೆಳಗಾವಿಯವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ.

2024ರ ಅಕ್ಟೋಬರಿನಲ್ಲಿ ಜಗತ್ತಿನ ಔಷಧ ನಿಯಂತ್ರಕರ 19ನೆಯ ಅಂತರರಾಷ್ಟ್ರೀಯ ಸಮ್ಮೇಳನ ದೆಹಲಿಯಲ್ಲಿ ನಡೆಯಿತು. 1980ರಲ್ಲಿ ಶುರುವಾದ ಈ ಸಮ್ಮೇಳನ ಭಾರತಕ್ಕೆ ಬಂದದ್ದು ಅದೇ ಮೊದಲು. ಒಂದು ದೇಶ ಮಾಡಿದ ಪರೀಕ್ಷೆಯನ್ನು ಇನ್ನೊಂದು ದೇಶ ನೆಚ್ಚಿಕೊಂಡು ಸಮಯ ಉಳಿಸಬೇಕು ಎಂಬುದು ಇಂದಿನ ಮುಖ್ಯ ವಿಚಾರ. ಒಳ್ಳೆಯ ವಿಚಾರವೇ. ಆದರೆ ಸಿಡುಬಿನ ಕಾಲದ ಪಾಠ ಮರೆಯಬಾರದು. ಆಗ ದೇಶಗಳು ಪರಸ್ಪರ ನಂಬಿದ್ದು ಮಾದರಿ ಕಳಿಸಿ, ಅಳೆಸಿ, ಫಲಿತಾಂಶ ಕೆಟ್ಟದಾದಾಗಲೂ ಕೇಳಿಸಿಕೊಂಡ ಮೇಲೆ.

ನೆಹರು ನಗರದಲ್ಲೇ ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ ರಾಷ್ಟ್ರೀಯ ಪಾರಂಪರಿಕ ವೈದ್ಯ ಸಂಸ್ಥೆಯೂ ಇದೆ. ಪಶ್ಚಿಮ ಘಟ್ಟದ ಔಷಧಿ ಸಸ್ಯಗಳ ಬಗ್ಗೆ ಅಲ್ಲಿ ಸಂಶೋಧನೆ ನಡೆಯುತ್ತದೆ. ಒಂದೇ ಬೇರಿಗೆ ಊರೂರಿಗೊಂದು ಹೆಸರು. ಮಣ್ಣು, ಋತು ಬದಲಾದರೆ ಗುಣವೂ ಬದಲು. ನಾರು ಬೇರಿನ ಔಷಧ ಗಡಿ ದಾಟಬೇಕಾದರೆ ಯಾವ ಅಳತೆ? ಇದು ಇನ್ನೂ ಬರೆದು ಮುಗಿಯದ ಅಧ್ಯಾಯ. ನಿಮ್ಮಲ್ಲಿ ಕೆಲವರಾದರೂ ಅದರಲ್ಲಿ ಕೆಲಸ ಮಾಡುವಿರೆಂದು ನನ್ನ ಆಸೆ.

ಈ ವಾರದ ಮಾತುಕತೆ ನೋಡುವ ಮುನ್ನ ಎರಡು ಕೆಲಸ ಮಾಡಿ. ಮನೆಯ ಔಷಧ ಪಟ್ಟಿಯ ಹಿಂಬದಿಯನ್ನು ಪೂರ್ತಿ ಓದಿ, ಅದನ್ನು ತಯಾರಿಸಿದ ಊರು ಯಾವುದೆಂದು ನಕಾಶೆಯಲ್ಲಿ ಗುರುತಿಸಿ. ಆಮೇಲೆ ಅಜ್ಜಿಯೋ ಅಜ್ಜನೋ ಇದ್ದರೆ ಅವರ ತೋಳಿನ ಗುರುತು ತೋರಿಸಲು ಕೇಳಿ, ಅದನ್ನು ಹಾಕಿದ ದಿನದ ನೆನಪನ್ನು ಬರೆದಿಟ್ಟುಕೊಳ್ಳಿ. ಸಿಡುಬಿನ ಲಸಿಕೆ ನಿಂತು ನಾಲ್ಕು ದಶಕಗಳಿಗೂ ಹೆಚ್ಚು ಕಾಲವಾಯಿತು. ಆ ಗುರುತುಳ್ಳವರು ವರ್ಷದಿಂದ ವರ್ಷಕ್ಕೆ ಕಡಿಮೆಯಾಗುತ್ತಿದ್ದಾರೆ.